ಸೆಕೆಂಡ್ ಹ್ಯಾಂಡ್ ಫೋನಿನಲ್ಲಿ ಸಿಗ್ನಲ್ ಇಲ್ಲ: ‘ಲಾಕ್’ ಅಂದ್ರೆ ಯಾವ ಲಾಕ್?

ಈ ವಾರದ ವಿಡಿಯೋದ ಬರಹರೂಪ ಇಲ್ಲಿದೆ. ಆಫೀಸ್ ಕ್ಯಾಬ್‌ನಲ್ಲಿ ಕೂತು ವಿಡಿಯೋ ನೋಡೋಕೆ ಆಗದವರಿಗೆ, ಅಂಗಡಿ ಮುಂದೆ ನಿಂತಾಗ ಒಂದ್ಸಲ ತೆಗೆದು ಓದಿಕೊಳ್ಳೋಣ ಅನ್ನೋರಿಗೆ ಇದು. ಮಾತಾಡುವಾಗ ಬಿಟ್ಟುಹೋದ ಒಂದೆರಡು ಲೆಕ್ಕಗಳನ್ನೂ ಸೇರಿಸಿದ್ದೇನೆ.

ಇವತ್ತಿನ ವಿಷಯ ಇಷ್ಟೇ. ಸೆಕೆಂಡ್ ಹ್ಯಾಂಡ್ ಫೋನ್ ತೊಗೊಂಡ್ವಿ, ಸಿಮ್ ಹಾಕಿದ್ವಿ, ಸಿಗ್ನಲ್ ಇಲ್ಲ. ಅಥವಾ ಸಿಗ್ನಲ್ ಇದೆ, ಕಾಲ್ ಬರಲ್ಲ. ಅಥವಾ ಬಾಲ್ಕನಿಯಲ್ಲಿ ಬರುತ್ತೆ, ಬೆಡ್‌ರೂಮಿಗೆ ಬಂದ್ರೆ ಹೋಗುತ್ತೆ. ಅಂಗಡಿಯವರನ್ನು ಕೇಳಿದ್ರೆ, "ಫೋನ್ ಲಾಕ್ ಇತ್ತು ಸರ್, ಅನ್‌ಲಾಕ್ ಮಾಡಿ ಕೊಟ್ಟೀವಿ, ನಿಮ್ಮ ಸಿಮ್‌ದೇ ಪ್ರಾಬ್ಲಂ" ಅಂತಾರೆ. ಸಿಮ್ ಕಂಪನಿಯವರನ್ನು ಕೇಳಿದ್ರೆ, "ನಿಮ್ಮ ಫೋನ್‌ದೇ ಪ್ರಾಬ್ಲಂ" ಅಂತಾರೆ. ನಡುವೆ ಸಿಕ್ಕಿಬಿದ್ದವರು ನಾವು.

ಸಾರಾಂಶ ಮೊದಲೇ ಹೇಳಿಬಿಡ್ತೀನಿ. ಒಂದು ಫೋನು ನೆಟ್‌ವರ್ಕ್ ಸೇರಬೇಕಾದರೆ ನಾಲ್ಕು ಬಾಗಿಲು ದಾಟಬೇಕು. ಒಂದು, ಸಿಮ್ ಲಾಕ್. ಎರಡು, ಐಎಂಇಐ ಕಪ್ಪುಪಟ್ಟಿ. ಮೂರು, ತರಂಗಗಳ ಬ್ಯಾಂಡ್. ನಾಲ್ಕು, ಕಾಲ್‌ಗೆ ಬೇಕಾದ ಸೆಟ್ಟಿಂಗ್. ಅಂಗಡಿಯವನು "ಅನ್‌ಲಾಕ್ ಆಗಿದೆ" ಅಂದಾಗ ಅವನು ಉತ್ತರ ಕೊಟ್ಟಿದ್ದು ಮೊದಲ ಬಾಗಿಲಿಗೆ ಮಾತ್ರ. ಉಳಿದ ಮೂರನ್ನು ದುಡ್ಡು ಕೊಡುವ ಮುಂಚೆ ನಾವೇ ನೋಡಿಕೊಳ್ಳಬೇಕು. ಹೇಗೆ ಅನ್ನೋದೇ ಈ ಬರಹ.

ನಮ್ಮವರಿಗೆ ಇದು ಹೇಗೆ ಬಂದು ತಾಗುತ್ತೆ

ಹಡಪಸರದಲ್ಲಿರುವ ಕನ್ನಡದವರ ಕೈಗೆ ಇಂಥ ಫೋನ್ ಎರಡು ದಾರಿಯಿಂದ ಬರುತ್ತೆ. ಮಗರಪಟ್ಟಾದಲ್ಲೋ ಫುರಸುಂಗಿಯ ಎಸ್‌ಪಿ ಇನ್ಫೋಸಿಟಿಯಲ್ಲೋ ಕೆಲಸ ಮಾಡೋ ಗೆಳೆಯ ಆನ್‌ಸೈಟ್ ಮುಗಿಸಿ ಬರುತ್ತಾನೆ, ಅಮೆರಿಕದಲ್ಲಿ ಬಳಸುತ್ತಿದ್ದ ಫೋನನ್ನು ಅರ್ಧ ರೇಟಿಗೆ ಕೊಡುತ್ತಾನೆ. ಇಲ್ಲಾಂದ್ರೆ ಗಾಡಿತಳದ ಸುತ್ತಮುತ್ತಲಿನ ಅಂಗಡಿ, ಪೇಟೆಯ ತಪಕೀರ ಗಲ್ಲಿ, ಆನ್‌ಲೈನ್ ಜಾಹೀರಾತು. "ಬಿಂಧಾಸ್ತ್ ಘ್ಯಾ ಸರ್" ಅಂತ ಮರಾಠಿಯಲ್ಲಿ ಒಂದು ಮಾತು ಕೇಳಿ ತೊಗೊಂಡು ಬಂದುಬಿಡ್ತೀವಿ.

ಅದರ ನಂತರದ ಕಷ್ಟ ಗೊತ್ತಲ್ಲ. ಬ್ಯಾಂಕ್ ಒಟಿಪಿ ಬರಬೇಕು, ಆಫೀಸ್ ವಿಪಿಎನ್ ತೆರೆಯಲು ಕೋಡ್ ಬರಬೇಕು, ರಾತ್ರಿ ಊರಿಂದ ಅವ್ವ ಮಾಡಿದ ಕಾಲ್ ಹತ್ತಬೇಕು. ಮನೆಯಿಂದ ಐನೂರು ಕಿಲೋಮೀಟರ್ ದೂರ ಇರೋರಿಗೆ ‘ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ’ ಅನ್ನೋ ಧ್ವನಿ ಸಣ್ಣ ವಿಷಯ ಅಲ್ಲ. ಅದಕ್ಕೇ ಇದನ್ನು ಸ್ವಲ್ಪ ಬಿಡಿಸಿ ನೋಡೋಣ.

ಲಾಕ್ ಫೋನ್ ನಮಗೆ ಹೊಸದೇನಲ್ಲ

ವಿದೇಶದಲ್ಲಿ ಫೋನ್ ಕಂತಿನ ಮೇಲೆ ಮಾರುತ್ತಾರೆ. ಗ್ರಾಹಕ ಕಂತು ಮುಗಿಯುವ ಮೊದಲೇ ಬೇರೆ ಕಂಪನಿಗೆ ಓಡಿಹೋಗಬಾರದು ಅಂತ ಫೋನಿಗೆ ಬೀಗ ಹಾಕುತ್ತಾರೆ. ಭಾರತದಲ್ಲಿ ನಾವು ಫೋನ್ ಒಂದು ಕಡೆ, ಸಿಮ್ ಒಂದು ಕಡೆ ಕೊಳ್ಳುವವರು. ಹಾಗಾಗಿ ಬೀಗ ಕಡಿಮೆ. ಆದರೆ ಇರಲೇ ಇಲ್ಲ ಅಂತಲ್ಲ. 2003ರಲ್ಲಿ ರಿಲಯನ್ಸ್ 501 ರೂಪಾಯಿ ಮುಂಗಡಕ್ಕೆ ಕೊಟ್ಟ ಸಿಡಿಎಂಎ ಫೋನು ನೆನಪಿದೆಯಾ? ಅದು ಆ ಕಂಪನಿಗೇ ಅಂಟಿಕೊಂಡ ಫೋನು. 2008ರ ಆಗಸ್ಟ್‌ನಲ್ಲಿ ಏರ್‌ಟೆಲ್ ಮತ್ತು ವೊಡಾಫೋನ್ ಐಫೋನ್ 3ಜಿ ತಂದಾಗ 31,000 ರೂಪಾಯಿ ಪೂರ್ತಿ ಕೊಟ್ಟು ಕೊಂಡರೂ ಲಾಕ್ ಇತ್ತು. 2017ರಲ್ಲಿ 1,500 ರೂಪಾಯಿ ಠೇವಣಿಗೆ ಬಂದ ಜಿಯೋಫೋನಿನಲ್ಲಿ ಜಿಯೋ ಸಿಮ್ ಬಿಟ್ಟರೆ ಬೇರೆ ನಡೆಯುತ್ತಿರಲಿಲ್ಲ.

ಬೇರೆ ದೇಶಗಳು ಈಗ ಈ ಬೀಗವನ್ನು ಸಡಿಲಿಸುತ್ತಿವೆ. ಕೆನಡಾ 2017ರ ಡಿಸೆಂಬರ್‌ನಿಂದ, ಜಪಾನ್ 2021ರ ಅಕ್ಟೋಬರ್‌ನಿಂದ, ಬ್ರಿಟನ್ 2021ರ ಡಿಸೆಂಬರ್‌ನಿಂದ ಹೊಸ ಫೋನುಗಳಿಗೆ ಸಿಮ್ ಲಾಕ್ ಹಾಕಿ ಮಾರುವುದನ್ನು ನಿಲ್ಲಿಸಿದವು. ಅಮೆರಿಕದಲ್ಲಿ ಲಾಕ್ ಈಗಲೂ ಇದೆ. ಕಂತು ತೀರಿದ ಮೇಲೆ ಬಿಡಿಸಿಕೊಳ್ಳುವ ಹಕ್ಕನ್ನು 2014ರ ಕಾಯ್ದೆ ಗಟ್ಟಿ ಮಾಡಿತು. ಹಾಗಾಗಿ ಹಡಪಸರಕ್ಕೆ ಬರುವ ಲಾಕ್ ಫೋನ್ ಸಾಮಾನ್ಯವಾಗಿ ಅಮೆರಿಕದ್ದು, ಇಲ್ಲವೇ 2021ಕ್ಕಿಂತ ಹಳೆಯ ಜಪಾನ್ ಫೋನು. ಸೈಲೆಂಟ್‌ನಲ್ಲಿ ಇಟ್ಟರೂ ಕ್ಯಾಮೆರಾ ‘ಟಿಕ್’ ಅನ್ನುವ ಐಫೋನ್ ಸಿಕ್ಕರೆ ಜಪಾನಿನದಿರಬಹುದು ಅಂತ ಅನುಮಾನ ಪಡಿ.

ಮೊದಲ ಬಾಗಿಲು: ಸಿಮ್ ಲಾಕ್

ಪ್ರತಿ ಸಿಮ್ ಒಳಗೆ ಐಎಂಎಸ್‌ಐ ಅನ್ನೋ ಉದ್ದದ ಸಂಖ್ಯೆ ಇರುತ್ತೆ. ಅದರ ಮೊದಲ ಐದಾರು ಅಂಕಿಗಳು ದೇಶ ಮತ್ತು ಕಂಪನಿಯನ್ನು ಹೇಳುತ್ತವೆ. ಭಾರತಕ್ಕೆ 404 ಮತ್ತು 405. ಕರ್ನಾಟಕದ ಏರ್‌ಟೆಲ್ 404-45, ಮಹಾರಾಷ್ಟ್ರದ ಏರ್‌ಟೆಲ್ 404-90. ಅಮೆರಿಕದ ಎಟಿ ಅಂಡ್ ಟಿ 310-410.

ಲಾಕ್ ಆದ ಫೋನು ಸಿಮ್ ಹಾಕಿದ ಕೂಡಲೇ ಈ ಅಂಕಿಗಳನ್ನು ಓದಿ, ತನ್ನ ಪಟ್ಟಿಯಲ್ಲಿ ಇದೆಯಾ ಅಂತ ನೋಡುತ್ತೆ. ಇಲ್ಲದಿದ್ದರೆ ಟವರ್ ಜೊತೆ ಮಾತಾಡೋಕೆ ಹೋಗೋದೇ ಇಲ್ಲ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಇದು ಕ್ಲೈಂಟ್ ಸೈಡ್ ವ್ಯಾಲಿಡೇಶನ್. ರಿಕ್ವೆಸ್ಟ್ ಸರ್ವರ್ ತನಕ ಹೋಗೇ ಇಲ್ಲ.

ಲಕ್ಷಣ ತಕ್ಷಣ ಕಾಣುತ್ತೆ. ಆಂಡ್ರಾಯ್ಡ್‌ನಲ್ಲಿ ‘ನೆಟ್‌ವರ್ಕ್ ಅನ್‌ಲಾಕ್ ಪಿನ್’ ಕೇಳುವ ಪರದೆ ಬರುತ್ತೆ. ಐಫೋನ್‌ನಲ್ಲಿ ‘ಸಿಮ್ ನಾಟ್ ಸಪೋರ್ಟೆಡ್’ ಅಂತ ಬರುತ್ತೆ. ವೈಫೈ ಚೆನ್ನಾಗಿ ನಡೀತಿರುತ್ತೆ. ಯಾವ ಭಾರತೀಯ ಸಿಮ್ ಹಾಕಿದರೂ ಅದೇ ಕಥೆ.

ಇದಕ್ಕೆ ಸರಿಯಾದ ಪರಿಹಾರ ಒಂದೇ: ಲಾಕ್ ಹಾಕಿದ ಕಂಪನಿಯೇ ತೆಗೆಯಬೇಕು. ಆಂಡ್ರಾಯ್ಡ್ ಫೋನಿಗೆ ಅವರು ಕೋಡ್ ಕೊಡುತ್ತಾರೆ, ಇಲ್ಲವೇ ಆ್ಯಪ್ ಮೂಲಕ ತೆಗೆಯುತ್ತಾರೆ. ಐಫೋನಿನಲ್ಲಿ ಕೋಡ್ ಇಲ್ಲ. ಕಂಪನಿ ಒಪ್ಪಿದ ಮೇಲೆ ಆಪಲ್ ಸರ್ವರ್‌ನಲ್ಲಿ ದಾಖಲೆ ಬದಲಾಗುತ್ತೆ. ಷರತ್ತುಗಳು ಸಾಮಾನ್ಯವಾಗಿ ಹೀಗಿರುತ್ತವೆ: ಕಂತು ಪೂರ್ತಿ ತೀರಿರಬೇಕು, ಕಳವಾಗಿದೆ ಅಂತ ದೂರು ಇರಬಾರದು, ಆ ನೆಟ್‌ವರ್ಕ್‌ನಲ್ಲಿ ಇಂತಿಷ್ಟು ದಿನ ನಡೆದಿರಬೇಕು. ಅಗ್ಗದ ಪ್ರಿಪೇಯ್ಡ್ ಫೋನುಗಳಿಗೆ ಈ ಅವಧಿ ತಿಂಗಳುಗಟ್ಟಲೆ ಇರುತ್ತೆ. ಗೆಳೆಯ ಪುಣೆಗೆ ವಾಪಸ್ ಬಂದ ಮೇಲೆ ಆ ನೆಟ್‌ವರ್ಕ್‌ನಲ್ಲಿ ದಿನ ತುಂಬಿಸುವುದು ಹೇಗೆ? ಅದಕ್ಕೇ ಆನ್‌ಸೈಟ್‌ನಲ್ಲಿ ಇರೋರಿಗೆ ಒಂದು ಮಾತು: ವಿಮಾನ ಹತ್ತುವ ಮುಂಚೆಯೇ ಅಲ್ಲಿಯೇ ಅನ್‌ಲಾಕ್ ಮುಗಿಸಿಕೊಂಡು ಬನ್ನಿ.

ಅಂಗಡಿಗಳಲ್ಲಿ ನಡೆಯುವ ‘ಅನ್‌ಲಾಕ್’ ಹಲವು ಸಲ ಬೇರೆ ಥರದ್ದು. ಆರ್-ಸಿಮ್ ಅಂತ ಕಾಗದದಷ್ಟು ತೆಳ್ಳಗಿನ ಒಂದು ಚಿಪ್ ಬರುತ್ತೆ. ಅದನ್ನು ಟ್ರೇಯಲ್ಲಿ ಸಿಮ್ ಜೊತೆ ಅಂಟಿಸುತ್ತಾರೆ. ಅದು ಸಿಮ್ಮಿಗೂ ಫೋನಿಗೂ ನಡುವೆ ಕೂತು, ಫೋನ್ ಕೇಳಿದಾಗ ‘ನಾನು ಅಮೆರಿಕದ ಸಿಮ್’ ಅಂತ ಸುಳ್ಳು ಹೇಳುತ್ತೆ. ಪಕ್ಕಾ ಮ್ಯಾನ್-ಇನ್-ದ-ಮಿಡಲ್. ಅಂಗಡಿಯಲ್ಲಿ ಎಲ್ಲ ಸರಿ ಕಾಣುತ್ತೆ. ಆಮೇಲೆ ಒಂದು ದಿನ ಐಒಎಸ್ ಅಪ್‌ಡೇಟ್ ಆಗುತ್ತೆ, ಇಲ್ಲವೇ ನೀವು ರೀಸೆಟ್ ಮಾಡ್ತೀರಿ, ಬೀಗ ಮತ್ತೆ ಬೀಳುತ್ತೆ. ನಡುನಡುವೆ ಸಿಗ್ನಲ್ ಹೋಗಿಬರೋದೂ ಇದರ ಲಕ್ಷಣ. 2022ರ ಐಫೋನ್ 14ರಿಂದ ಅಮೆರಿಕದ ಐಫೋನ್‌ಗಳಲ್ಲಿ ಸಿಮ್ ಟ್ರೇಯೇ ಇಲ್ಲ, ಇಸಿಮ್ ಮಾತ್ರ. ಅಂದರೆ ಅವುಗಳಲ್ಲಿ ಚಿಪ್ ಇಡೋಕೆ ಜಾಗವೂ ಇಲ್ಲ. ಕಂಪನಿ ಬಿಡಿಸದಿದ್ದರೆ ನಿಮ್ಮ ಕೈಯಲ್ಲಿರೋದು ಒಂದು ಚೆಂದದ ಕ್ಯಾಮೆರಾ ಅಷ್ಟೇ.

ಎರಡನೇ ಬಾಗಿಲು: ಐಎಂಇಐ

ಸಿಮ್ಮಿಗೆ ಐಎಂಎಸ್‌ಐ ಇದ್ದ ಹಾಗೆ ಫೋನಿಗೆ ಐಎಂಇಐ. 15 ಅಂಕಿ. ಮೊದಲ 8 ಅಂಕಿ ಯಾವ ಕಂಪನಿಯ ಯಾವ ಮಾಡೆಲ್ ಅಂತ ಹೇಳುತ್ತೆ, ಮುಂದಿನ 6 ಆ ಫೋನಿನ ಕ್ರಮಸಂಖ್ಯೆ, ಕೊನೆಯದು ಚೆಕ್ ಅಂಕಿ. ಎರಡು ಸಿಮ್ ಫೋನಿಗೆ ಎರಡು ಐಎಂಇಐ.

ಫೋನು ಟವರ್ ಮೂಲಕ ಒಳಗೆ ಬರುವಾಗ ಕಂಪನಿಯ ನೆಟ್‌ವರ್ಕ್ ಈ ಸಂಖ್ಯೆಯನ್ನು ಕೇಳಿ ಪಟ್ಟಿಯ ಜೊತೆ ತಾಳೆ ನೋಡಬಹುದು. ಕಪ್ಪುಪಟ್ಟಿಯಲ್ಲಿದ್ದರೆ ಒಳಗೆ ಬಿಡಲ್ಲ. ಇದು ಸರ್ವರ್ ಸೈಡ್ ತಪಾಸಣೆ; ಫೋನಿನೊಳಗೆ ಏನು ಮಾಡಿದರೂ ಬದಲಾಗಲ್ಲ. ನಮ್ಮ ದೇಶದಲ್ಲಿ ಎಲ್ಲ ಕಂಪನಿಗಳ ಪಟ್ಟಿಯನ್ನು ಜೋಡಿಸುವ ಕೇಂದ್ರ ವ್ಯವಸ್ಥೆಗೆ ಸಿಇಐಆರ್ ಅಂತ ಹೆಸರು. ಇದು ಪ್ರಾಯೋಗಿಕವಾಗಿ ಶುರುವಾಗಿದ್ದು 2019ರ ಸೆಪ್ಟೆಂಬರ್‌ನಲ್ಲಿ, ಇದೇ ಮಹಾರಾಷ್ಟ್ರದಲ್ಲಿ. 2023ರ ಮೇ ತಿಂಗಳಲ್ಲಿ ಸಂಚಾರ್ ಸಾಥಿ ಪೋರ್ಟಲ್ ಬಂದಾಗ ದೇಶಕ್ಕೆಲ್ಲ ವಿಸ್ತರಿಸಿತು. ಬೆಂಗಳೂರಿನ ಬಸ್ಸಿನಲ್ಲಿ ಕಳೆದ ಫೋನನ್ನು ಅದರ ಒಡೆಯ ಪೊಲೀಸ್ ದೂರು ಕೊಟ್ಟು ಬ್ಲಾಕ್ ಮಾಡಿಸಿದ್ದರೆ, ಅದು ಹಡಪಸರದಲ್ಲೂ ಬ್ಲಾಕ್.

ಲಕ್ಷಣ: ಸಿಮ್ ಒಪ್ಪಿಕೊಳ್ಳುತ್ತೆ, ಪಿನ್ ಏನೂ ಕೇಳಲ್ಲ, ಆದರೆ ‘ನೋ ಸರ್ವಿಸ್’ ಅಥವಾ ‘ಎಮರ್ಜೆನ್ಸಿ ಕಾಲ್ಸ್ ಓನ್ಲಿ’ ಅಂತ ನಿಲ್ಲುತ್ತೆ. ಅದೇ ಸಿಮ್ ಬೇರೆ ಫೋನಿನಲ್ಲಿ ನಡೆಯುತ್ತೆ. ಇನ್ನೂ ಒಂದು ಸೂಕ್ಷ್ಮ ಇದೆ. ಕೊಂಡ ದಿನ ನಡೆದ ಫೋನು ವಾರದ ನಂತರ ನಿಂತುಹೋಗಬಹುದು. ಯಾಕಂದ್ರೆ ಒಡೆಯ ದೂರು ಕೊಟ್ಟಿದ್ದೇ ತಡವಾಗಿರುತ್ತೆ.

ಇಲ್ಲಿ ದುಡ್ಡಿಗಿಂತ ದೊಡ್ಡ ಅಪಾಯ ಇದೆ. ಬ್ಲಾಕ್ ಆದ ಫೋನಿಗೆ ಯಾರು ಯಾವ ಸಿಮ್ ಹಾಕಿದರು ಅನ್ನೋ ಮಾಹಿತಿ ಪೊಲೀಸರಿಗೆ ಹೋಗುತ್ತೆ. ಆ ಸಿಮ್ ನಿಮ್ಮ ಹೆಸರಿನಲ್ಲಿದೆ. ಕಳವಿನ ಮಾಲು ಅಂತ ಗೊತ್ತಿದ್ದೂ ಇಟ್ಟುಕೊಳ್ಳೋದು ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಮಿನಡಿ ಅಪರಾಧ. ಗೊತ್ತಿರಲಿಲ್ಲ ಅಂತ ಹೇಳಬೇಕಾದರೆ ಕೈಯಲ್ಲಿ ಬಿಲ್ ಇರಬೇಕು. ಪರ ಊರಿನಲ್ಲಿ, ಪರ ಭಾಷೆಯಲ್ಲಿ, ಠಾಣೆಯಲ್ಲಿ ಕೂತು ವಿವರಿಸೋದು ಯಾರಿಗೂ ಬೇಡ.

"ಐಎಂಇಐ ಚೇಂಜ್ ಮಾಡಿಕೊಡ್ತೀವಿ, ಎರಡು ಸಾವಿರ ಕೊಡಿ" ಅಂತ ಹೇಳುವವರೂ ಸಿಗ್ತಾರೆ. ಆ ಕಡೆ ತಲೆ ಹಾಕಲೇಬೇಡಿ. 2023ರ ದೂರಸಂಪರ್ಕ ಕಾಯ್ದೆಯ ಪ್ರಕಾರ ಐಎಂಇಐ ತಿದ್ದುವುದಕ್ಕೆ ಮೂರು ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡ, ಅಥವಾ ಎರಡೂ ಆಗಬಹುದು.

ಅಮೆರಿಕದ ಫೋನಿಗೆ ಒಂದು ವಿಶೇಷ ಎಚ್ಚರ. ಗೆಳೆಯ ಕಂತು ಬಾಕಿ ಇಟ್ಟು ಬಂದಿದ್ದರೆ ಅಲ್ಲಿಯ ಕಂಪನಿ ಆ ಫೋನನ್ನು ತನ್ನ ಕಪ್ಪುಪಟ್ಟಿಗೆ ಸೇರಿಸಬಹುದು. ಎಲ್ಲ ದೇಶಗಳೂ ಒಂದೇ ಪಟ್ಟಿ ನೋಡಲ್ಲ, ಹಾಗಾಗಿ ಇಲ್ಲಿ ನಡೆಯಲೂಬಹುದು. ಆದರೆ ಅಂಥ ಫೋನಿನ ಸಿಮ್ ಲಾಕನ್ನು ಆ ಕಂಪನಿ ಬಿಡಿಸುವ ಮಾತೇ ಇಲ್ಲ. "ಕಂತು ಪೂರ್ತಿ ಕಟ್ಟಿದೀಯಾ?" ಅಂತ ಗೆಳೆಯನನ್ನೇ ನೇರವಾಗಿ ಕೇಳಿ. ಸಂಕೋಚ ಬೇಡ.

ಮೂರನೇ ಬಾಗಿಲು: ಬ್ಯಾಂಡ್

ಇದೇ ಜನರಿಗೆ ಅತಿ ಹೆಚ್ಚು ಗೊಂದಲ ತರುವ ಬಾಗಿಲು. ಲಾಕ್ ಇಲ್ಲ, ಕಪ್ಪುಪಟ್ಟಿಯಲ್ಲಿಲ್ಲ, ಆದರೂ ಸಿಗ್ನಲ್ ಬಂದು ಬಂದು ಹೋಗುತ್ತೆ.

ಕಾರಣ: ಪ್ರತಿ ಕಂಪನಿ ಕೆಲವು ನಿರ್ದಿಷ್ಟ ತರಂಗಾಂತರಗಳಲ್ಲಿ ಮಾತ್ರ ಪ್ರಸಾರ ಮಾಡುತ್ತೆ. ಫೋನಿನ ರೇಡಿಯೋಗೆ ಆ ಬ್ಯಾಂಡ್ ಕೇಳಿಸಬೇಕು. ಜಿಯೋ 4ಜಿ ನಡೆಯೋದು 850, 1800 ಮತ್ತು 2300 ಮೆಗಾಹರ್ಟ್ಸ್‌ನಲ್ಲಿ. ಬ್ಯಾಂಡ್ ಸಂಖ್ಯೆ 5, 3, 40. ಏರ್‌ಟೆಲ್ ಮುಖ್ಯವಾಗಿ 900, 1800, 2100, 2300, ಅಂದರೆ ಬ್ಯಾಂಡ್ 8, 3, 1, 40. ಬಿಎಸ್‌ಎನ್‌ಎಲ್ 4ಜಿ 700 ಮತ್ತು 2100, ಅಂದರೆ ಬ್ಯಾಂಡ್ 28 ಮತ್ತು 1. 5ಜಿಗೆ ಜಿಯೋ ಮತ್ತು ಏರ್‌ಟೆಲ್ ಎರಡೂ ಬಳಸೋದು 3300ರ ಎನ್78. ಜಿಯೋ ಬಳಿ ಜೊತೆಗೆ 700ರ ಎನ್28 ಇದೆ.

ಅಮೆರಿಕದಲ್ಲಿ 4ಜಿ ಪಟ್ಟಿಯೇ ಬೇರೆ: ಬ್ಯಾಂಡ್ 2, 4, 12, 13, 66, 71 ಹೀಗೆ. ಅಲ್ಲಿಯ ಮಾರುಕಟ್ಟೆಗಂತಲೇ ಮಾಡಿದ ಅಗ್ಗದ ಫೋನಿನಲ್ಲಿ ನಮ್ಮ 40 ಇಲ್ಲದಿರಬಹುದು, 3 ಕೂಡ ಇಲ್ಲದಿರಬಹುದು. ಇನ್ನೊಂದು ಬಲೆ ನೋಡಿ. ಅಲ್ಲಿಯ ಬ್ಯಾಂಡ್ 12, 13 ಕೂಡ ‘700 ಮೆಗಾಹರ್ಟ್ಸ್’ ಅಂತಲೇ ಕರೆಸಿಕೊಳ್ಳುತ್ತವೆ. ಹೆಸರು ಒಂದೇ ಆದರೂ ನಮ್ಮ ಬಿಎಸ್‌ಎನ್‌ಎಲ್‌ನ ಬ್ಯಾಂಡ್ 28 ಬೇರೆ. ಡಬ್ಬದ ಮೇಲೆ 700 ನೋಡಿ ಸಮಾಧಾನ ಪಡಬೇಡಿ, ಬ್ಯಾಂಡ್ ಸಂಖ್ಯೆಯನ್ನೇ ನೋಡಿ.

ಹಳೆಯದಾದರೂ ಸ್ಪಷ್ಟವಾದ ಉದಾಹರಣೆ ಐಫೋನ್ 6. ಹೊರಗಿನಿಂದ ನೋಡಿದರೆ ಎಲ್ಲ ಒಂದೇ. ಹಿಂಬದಿಯಲ್ಲಿ ಎ1586 ಅಂತ ಬರೆದಿದ್ದರೆ ಬ್ಯಾಂಡ್ 40 ಇದೆ, ಅಮೆರಿಕದ ಎ1549 ಆದರೆ ಇಲ್ಲ. ಈಚಿನ ದುಬಾರಿ ಫೋನುಗಳಲ್ಲಿ ಬ್ಯಾಂಡ್‌ಗಳ ಪಟ್ಟಿ ಉದ್ದ ಇರೋದರಿಂದ ಈ ತೊಂದರೆ ಕಡಿಮೆ. ಅಗ್ಗದ ಫೋನು, ಹಳೆಯ ಫೋನುಗಳಲ್ಲಿ ಮಾತ್ರ ಕಡ್ಡಾಯವಾಗಿ ನೋಡಬೇಕು.

ಈಗ ಬಾಲ್ಕನಿಯ ಪ್ರಶ್ನೆ. ತರಂಗಾಂತರ ಹೆಚ್ಚಾದಷ್ಟೂ ಸಿಗ್ನಲ್ ಬೇಗ ಸೋಲುತ್ತೆ. ಖಾಲಿ ಬಯಲಿನಲ್ಲೇ ಅದೇ ದೂರಕ್ಕೆ 850ಕ್ಕಿಂತ 2300 ಮೆಗಾಹರ್ಟ್ಸ್ ಸುಮಾರು 8.6 ಡೆಸಿಬಲ್ ಹೆಚ್ಚು ಕಳೆದುಕೊಳ್ಳುತ್ತೆ. ಅಂದರೆ ಕೈಗೆ ಬರುವ ಶಕ್ತಿ ಸುಮಾರು ಏಳನೇ ಒಂದು ಪಾಲು. ಗೋಡೆ ಅಡ್ಡ ಬಂದರೆ ಅಂತರ ಇನ್ನೂ ಹೆಚ್ಚುತ್ತೆ. ಮಗರಪಟ್ಟಾ, ಅಮನೋರಾ ಕಡೆಯ ಗೋಪುರಗಳ ಕಾಂಕ್ರೀಟು, ಬಿಸಿಲು ತಡೆಯಲು ಲೋಹದ ಲೇಪ ಹಾಕಿದ ಗಾಜು ಇದ್ದರಂತೂ ಮುಗೀತು. ಆಗ ಮನೆಯೊಳಗೆ ಫೋನನ್ನು ಕಾಪಾಡೋದು 850, 900ರಂಥ ಕೆಳಗಿನ ಬ್ಯಾಂಡ್. ನಿಮ್ಮ ಫೋನಿನಲ್ಲಿ ಆ ಬ್ಯಾಂಡ್ ಇಲ್ಲದಿದ್ದರೆ ರಸ್ತೆಯಲ್ಲಿ ಫುಲ್ ಕಡ್ಡಿ, ಅಡುಗೆಮನೆಯಲ್ಲಿ ಸೊನ್ನೆ. ಪಕ್ಕದಲ್ಲಿ ನಿಂತ ಗೆಳೆಯನ ಫೋನಿನಲ್ಲಿ ಅದೇ ಕಂಪನಿಯ ಸಿಗ್ನಲ್ ಚೆನ್ನಾಗಿರುತ್ತೆ. ಈ ಹೋಲಿಕೆಯೇ ಇದರ ಗುರುತು.

ನಾಲ್ಕನೇ ಬಾಗಿಲು: ಕಾಲ್

ಇಂಟರ್ನೆಟ್ ಓಡುತ್ತೆ, ವಾಟ್ಸ್‌ಆ್ಯಪ್ ನಡೆಯುತ್ತೆ, ಆದ್ರೆ ಕಾಲ್ ಹೋಗಲ್ಲ, ಬರಲ್ಲ. ಇದು ವಿಒಎಲ್‌ಟಿಇ ವಿಷಯ. ಅಂದರೆ 4ಜಿ ಮೇಲೆಯೇ ಧ್ವನಿ ಕಳಿಸುವ ವ್ಯವಸ್ಥೆ.

4ಜಿ ಮೂಲತಃ ಬರೀ ಡೇಟಾ. ಮೊದಲು ಕಾಲ್ ಬಂದರೆ ಫೋನು 3ಜಿ ಅಥವಾ 2ಜಿಗೆ ಇಳಿದು ಮಾತಾಡಿಸಿ ಮತ್ತೆ ಮೇಲೆ ಬರುತ್ತಿತ್ತು. ಈಗ ಏರ್‌ಟೆಲ್ 3ಜಿ ಮುಚ್ಚಿದೆ, 2ಜಿ ಉಳಿದಿದೆ. 2016ರ ಸೆಪ್ಟೆಂಬರ್‌ನಲ್ಲಿ ಶುರುವಾದ ಜಿಯೋಗೆ 2ಜಿ, 3ಜಿ ಎರಡೂ ಇಲ್ಲ. ಅಲ್ಲಿ ಇಳಿಯೋಕೆ ಮೆಟ್ಟಿಲೇ ಇಲ್ಲ.

ಫೋನಿನ ಸಾಫ್ಟ್‌ವೇರ್ ಒಳಗೆ ಪ್ರತಿ ಕಂಪನಿಗೆ ಒಂದು ಕಾನ್ಫಿಗರೇಶನ್ ಇರಬೇಕು. ಅಮೆರಿಕದ ಕಂಪನಿಯ ಫರ್ಮ್‌ವೇರ್ ಇರುವ ಆಂಡ್ರಾಯ್ಡ್ ಫೋನಿನಲ್ಲಿ ಜಿಯೋ, ಏರ್‌ಟೆಲ್ ಕಾನ್ಫಿಗರೇಶನ್ ಇಲ್ಲದಿರಬಹುದು. ಸಿಮ್ ಲಾಕ್ ತೆಗೆದರೂ ಇದು ತಾನಾಗಿ ಬರಲ್ಲ. ಆಗ ಏರ್‌ಟೆಲ್ ಸಿಮ್ ಇದ್ದರೆ ಕಾಲ್ ಶುರುವಾದ ಕೂಡಲೇ 4ಜಿ ಗುರುತು ಹೋಗಿ ‘ಇ’ ಅಂತ ಬರುತ್ತೆ, ಮಾತು ಮುಗಿಯುವ ತನಕ ಇಂಟರ್ನೆಟ್ ನಿಲ್ಲುತ್ತೆ. ಜಿಯೋ ಸಿಮ್ ಇದ್ದರೆ ಕಾಲೇ ಹತ್ತಲ್ಲ, ಕೆಲವೊಮ್ಮೆ ಒಟಿಪಿಯೂ ಬರಲ್ಲ. ನೀವು ಮೀಟಿಂಗ್‌ನಲ್ಲಿದ್ದೀರಿ ಅಂದುಕೊಂಡು ಮನೆಯವರು ಸುಮ್ಮನಾಗುತ್ತಾರೆ. ನಿಮಗೆ ಕಾಲ್ ಬಂದದ್ದೇ ಗೊತ್ತಿರಲ್ಲ.

ಲಾಕ್ ಅಲ್ಲದ ಕಾರಣಗಳು

ಇವನ್ನು ಬೇಗ ಮುಗಿಸ್ತೀನಿ, ಆದರೆ ಇವೇ ಎಷ್ಟೋ ಸಲ ನಿಜವಾದ ಕಾರಣ.

ಎಪಿಎನ್: ಬೇರೆ ದೇಶದ ಫೋನಿನಲ್ಲಿ ಇದು ತಾನಾಗಿ ಕೂರದಿರಬಹುದು. ಜಿಯೋಗೆ ‘ಜಿಯೋನೆಟ್’, ಬಿಎಸ್‌ಎನ್‌ಎಲ್‌ಗೆ ‘ಬಿಎಸ್‌ಎನ್‌ಎಲ್‌ನೆಟ್’, ಏರ್‌ಟೆಲ್‌ಗೆ ‘ಏರ್‌ಟೆಲ್‌ಜಿಪಿಆರ್‌ಎಸ್ ಡಾಟ್ ಕಾಂ’, ಇಂಗ್ಲಿಷ್ ಸಣ್ಣಕ್ಷರದಲ್ಲಿ ಹಾಕಬೇಕು.

ರೋಮಿಂಗ್: ನಮ್ಮಲ್ಲಿ ಅನೇಕರದು ಇನ್ನೂ ಕರ್ನಾಟಕದ ಸಿಮ್. ಪುಣೆಯಲ್ಲಿ ಅದು ರೋಮಿಂಗ್. ರೀಸೆಟ್ ಆದ ಸೆಕೆಂಡ್ ಹ್ಯಾಂಡ್ ಫೋನಿನಲ್ಲಿ ಡೇಟಾ ರೋಮಿಂಗ್ ಆಫ್ ಇರುತ್ತೆ. ಕೆಲವು ಫೋನುಗಳಲ್ಲಿ ಅದನ್ನು ಆನ್ ಮಾಡುವ ತನಕ ನೆಟ್ ಬರಲ್ಲ. ಅಂದ ಹಾಗೆ 2015ರ ಜುಲೈನಿಂದ ರಾಜ್ಯ ಬದಲಾದರೂ ಅದೇ ನಂಬರ್ ಇಟ್ಟುಕೊಂಡು ಪೋರ್ಟ್ ಮಾಡಬಹುದು.

ಹೊಸ ಸಿಮ್: ನ್ಯಾನೋ ಗಾತ್ರಕ್ಕೋ ಇಸಿಮ್‌ಗೋ ಬದಲಿಸಿದರೆ ಸುರಕ್ಷತೆಗಾಗಿ ಮೊದಲ 24 ಗಂಟೆ ಎಸ್‌ಎಂಎಸ್ ತಡೆದಿರುತ್ತಾರೆ. ಒಟಿಪಿ ಬರಲಿಲ್ಲ ಅಂತ ಫೋನನ್ನು ಬೈಯಬೇಡಿ, ಒಂದು ದಿನ ಕಾಯಿರಿ.

ರಿಪೇರಿ: ಫೋನ್ ಬಿಚ್ಚಿ ಪರದೆ ಬದಲಿಸುವಾಗ ಆ್ಯಂಟೆನಾದ ತಂತಿ ಸರಿಯಾಗಿ ಕೂರದಿದ್ದರೆ, ಒಳಗೆ ನೀರು ಹೋಗಿದ್ದರೆ, ಎಲ್ಲ ಕಂಪನಿಯ ಸಿಗ್ನಲ್ಲೂ ಎಲ್ಲ ಕಡೆಯೂ ಕಡಿಮೆ ಇರುತ್ತೆ.

ಇನ್ನು ಆಪಲ್ ಐಡಿ ಲಾಕ್, ಗೂಗಲ್ ಖಾತೆ ಲಾಕ್, ಕಂತು ಕಟ್ಟದಿದ್ದರೆ ಫೈನಾನ್ಸ್ ಕಂಪನಿ ಹಾಕುವ ಇಎಂಐ ಲಾಕ್. ಇವು ಸಿಗ್ನಲ್‌ಗೆ ಸಂಬಂಧಿಸಿದ್ದಲ್ಲ. ಆದರೆ ಇವುಗಳಲ್ಲಿ ಯಾವುದಿದ್ದರೂ ಫೋನ್ ಮುಟ್ಟಬೇಡಿ. ಹಳೆಯ ಒಡೆಯ ಪಾಸ್‌ವರ್ಡ್ ಹಾಕಿ ತೆಗೆದುಕೊಡದೆ ಅದು ನಿಮ್ಮದಾಗಲ್ಲ.

ಅಂಗಡಿಯಲ್ಲಿ ಇಪ್ಪತ್ತು ನಿಮಿಷ

ಹೋಗುವಾಗ ಎರಡು ಬೇರೆ ಕಂಪನಿಯ ಸಿಮ್ ಒಯ್ಯಿರಿ. ಒಂದು ಜಿಯೋ ಇರಲಿ. ಕಾಲ್ ಪರೀಕ್ಷೆಗೆ ಅದಕ್ಕಿಂತ ಕಠಿಣವಾದದ್ದು ಇಲ್ಲ.

1. *#06# ಒತ್ತಿ. ಬರುವ ಐಎಂಇಐ, ಸೆಟ್ಟಿಂಗ್ಸ್ ಒಳಗಿನದು, ಡಬ್ಬದ ಮೇಲಿನದು, ಬಿಲ್ಲಿನದು ಎಲ್ಲ ಒಂದೇ ಇರಬೇಕು.

2. ನಿಮ್ಮ ಫೋನಿನಿಂದ ಇಂಗ್ಲಿಷ್‌ನಲ್ಲಿ ಕೆವೈಎಂ ಅಂತ ಬರೆದು, ಜಾಗ ಬಿಟ್ಟು, ಆ 15 ಅಂಕಿ ಹಾಕಿ 14422ಕ್ಕೆ ಎಸ್‌ಎಂಎಸ್ ಮಾಡಿ. ಸಂಚಾರ್ ಸಾಥಿಯಲ್ಲೂ ನೋಡಬಹುದು. ಎರಡು ಐಎಂಇಐ ಇದ್ದರೆ ಎರಡನ್ನೂ ನೋಡಿ. ಕಪ್ಪುಪಟ್ಟಿ, ನಕಲು, ಈಗಾಗಲೇ ಬಳಕೆಯಲ್ಲಿದೆ ಅಂತ ಉತ್ತರ ಬಂದರೆ ಅಲ್ಲಿಂದ ಎದ್ದುಬನ್ನಿ. ಜೊತೆಗೆ ಉತ್ತರದಲ್ಲಿ ಬಂದ ಮಾಡೆಲ್ ಹೆಸರು ಕೈಯಲ್ಲಿರುವ ಫೋನಿನದೇನಾ ನೋಡಿ.

3. ಐಫೋನ್ ಆದರೆ ಸೆಟ್ಟಿಂಗ್ಸ್, ಜನರಲ್, ಅಬೌಟ್‌ಗೆ ಹೋಗಿ ‘ಕ್ಯಾರಿಯರ್ ಲಾಕ್’ ನೋಡಿ. ‘ನೋ ಸಿಮ್ ರಿಸ್ಟ್ರಿಕ್ಷನ್ಸ್’ ಅಂತಿರಬೇಕು. ಸಿಮ್ ಟ್ರೇ ಹೊರಗೆ ತೆಗೆದು ಚಿಪ್ ಅಂಟಿಸಿದ್ದಾರಾ ಅಂತ ಕಣ್ಣಾರೆ ನೋಡಿ.

4. ಹಳೆಯ ಖಾತೆ ತೆಗೆಸಿ, ನಿಮ್ಮ ಎದುರಿಗೇ ಫ್ಯಾಕ್ಟರಿ ರೀಸೆಟ್ ಮಾಡಿಸಿ. ಚಿಪ್ ಅನ್‌ಲಾಕ್ ಆಗಿದ್ದರೆ, ಬೇರೆ ಖಾತೆ ಅಡಗಿದ್ದರೆ ಇಲ್ಲೇ ಬಯಲಾಗುತ್ತೆ. "ರೀಸೆಟ್ ಬೇಡ ಸರ್" ಅಂದರೆ ನಿಮಗೆ ಉತ್ತರ ಸಿಕ್ಕಿತು ಅಂತಲೇ ತಿಳಿಯಿರಿ.

5. ವೈಫೈ ಆಫ್ ಮಾಡಿ. ಎರಡೂ ಸಿಮ್ ಹಾಕಿ ನೆಟ್, ಹೊರಹೋಗುವ ಕಾಲ್, ಒಳಬರುವ ಕಾಲ್, ಎಸ್‌ಎಂಎಸ್ ನಾಲ್ಕನ್ನೂ ನೋಡಿ. ಮಾತಾಡುತ್ತಿರುವಾಗ 4ಜಿ ಗುರುತು ಉಳಿದಿದೆಯಾ ಗಮನಿಸಿ.

6. ಮಾಡೆಲ್ ಸಂಖ್ಯೆ ಹಾಕಿ ತಯಾರಕರ ಪುಟದಲ್ಲಿ ಬ್ಯಾಂಡ್ ಪಟ್ಟಿ ನೋಡಿ. 1, 3, 5, 8, 40 ಇರಲಿ. ಊರಲ್ಲಿ ಬಿಎಸ್‌ಎನ್‌ಎಲ್ ಇದ್ದರೆ 28 ಕೂಡ. 5ಜಿ ಬೇಕಾದರೆ ಎನ್78.

7. ಕಡ್ಡಿ ಎಣಿಸಬೇಡಿ, ಸಂಖ್ಯೆ ನೋಡಿ. ಆಂಡ್ರಾಯ್ಡ್‌ನಲ್ಲಿ ಅಬೌಟ್ ಫೋನ್ ಒಳಗೆ ಸಿಮ್ ಸ್ಟೇಟಸ್. ಐಫೋನ್‌ನಲ್ಲಿ *3001#12345#* ಡಯಲ್ ಮಾಡಿ. ಮೈನಸ್ 85 ಆಸುಪಾಸು ಚೆನ್ನಾಗಿದೆ, ಮೈನಸ್ 100 ನಡೆಯುತ್ತೆ, ಮೈನಸ್ 115 ಅಂದರೆ ಕಷ್ಟ. ಮೈನಸ್ 85ಕ್ಕೂ 115ಕ್ಕೂ ಶಕ್ತಿಯಲ್ಲಿ ಸಾವಿರ ಪಟ್ಟು ಅಂತರ. ನಿಮ್ಮ ಫೋನನ್ನೂ ಪಕ್ಕದಲ್ಲಿಟ್ಟು ಅದೇ ಕಂಪನಿಯ ಸಿಮ್‌ನಲ್ಲಿ ಹೋಲಿಸಿ, ಆಮೇಲೆ ಕಟ್ಟಡದ ಒಳಗೆ ಹೋಗಿ ಮತ್ತೊಮ್ಮೆ ನೋಡಿ.

8. ಐಎಂಇಐ ಬರೆದ ಬಿಲ್ ಮತ್ತು ಮಾರಿದವರ ಗುರುತಿನ ಚೀಟಿಯ ನಕಲು ತೊಗೊಳ್ಳಿ. ಗೆಳೆಯನಾದರೂ ಒಂದು ಸಾಲು ಮೆಸೇಜಿನಲ್ಲಿ ಬರೆಸಿಕೊಳ್ಳಿ.

ಈಗಾಗಲೇ ತೊಗೊಂಡಿದ್ದರೆ

ಮೊದಲು ಯಾವ ಬಾಗಿಲಲ್ಲಿ ನಿಂತಿದೆ ಅಂತ ಪತ್ತೆ ಹಚ್ಚಿ. ಸಿಮ್ಮನ್ನೇ ಒಪ್ಪದಿದ್ದರೆ ಮೊದಲನೆಯದು. ಸಿಮ್ ಒಪ್ಪಿ ಎಲ್ಲ ಕಂಪನಿಯದೂ ‘ನೋ ಸರ್ವಿಸ್’ ಆದರೆ ಎರಡನೆಯದು, ಇಲ್ಲವೇ ಆ್ಯಂಟೆನಾ. ಜಾಗಕ್ಕೆ ತಕ್ಕಂತೆ ಬಂದು ಹೋದರೆ ಮೂರನೆಯದು. ನೆಟ್ ಇದ್ದು ಕಾಲ್ ಇಲ್ಲದಿದ್ದರೆ ನಾಲ್ಕನೆಯದು.

ಸಿಮ್ ಲಾಕ್ ಆದರೆ ಮೂಲ ಒಡೆಯನಿಂದಲೇ ಆ ಕಂಪನಿಗೆ ಅರ್ಜಿ ಹಾಕಿಸಿ. ಕಪ್ಪುಪಟ್ಟಿ ಆದರೆ ಬಿಲ್ ಸಮೇತ ಮಾರಿದವನ ಹತ್ತಿರ ಹೋಗಿ ದುಡ್ಡು ವಾಪಸ್ ಕೇಳಿ. ಕಳವಿನದು ಅಂತ ಖಚಿತವಾದರೆ ಇನ್ನೊಬ್ಬರಿಗೆ ದಾಟಿಸದೆ ಪೊಲೀಸರಿಗೆ ತಿಳಿಸಿ. ಬ್ಯಾಂಡ್ ಇಲ್ಲದ್ದಕ್ಕೆ ಸಾಫ್ಟ್‌ವೇರ್ ಮದ್ದಿಲ್ಲ. ಆ ಫೋನಿನಲ್ಲಿರುವ ಬ್ಯಾಂಡ್‌ಗಳಿಗೆ ಹೊಂದುವ ಕಂಪನಿಗೆ ಪೋರ್ಟ್ ಆಗೋದು ಒಂದು ದಾರಿ. ಕಾಲ್ ತೊಂದರೆಗೆ ಸಿಸ್ಟಂ ಅಪ್‌ಡೇಟ್ ಮಾಡಿ, ವಿಒಎಲ್‌ಟಿಇ ಬಟನ್ ಆನ್ ಇದೆಯಾ ನೋಡಿ. ಬಟನ್ನೇ ಕಾಣದಿದ್ದರೆ ಜಿಯೋ ಬಿಟ್ಟು 2ಜಿ ಇರುವ ಕಂಪನಿಯ ಸಿಮ್ ಹಾಕಿ. ಮನೆಯೊಳಗಿನ ಸಿಗ್ನಲ್‌ಗೆ ವೈಫೈ ಕಾಲಿಂಗ್ ಒಳ್ಳೆಯ ಆಸರೆ. ಏರ್‌ಟೆಲ್ 2019ರ ಡಿಸೆಂಬರ್‌ನಲ್ಲಿ, ಜಿಯೋ 2020ರ ಜನವರಿಯಲ್ಲಿ ಇದನ್ನು ತಂದವು. ಆದರೆ ಅದಕ್ಕೂ ಫೋನಿನಲ್ಲಿ ಕಂಪನಿಯ ಕಾನ್ಫಿಗರೇಶನ್ ಬೇಕು.

ಊರಿಗೆ ಕಳಿಸುವ ಮುಂಚೆ

ನಾವು ಹೊಸ ಫೋನ್ ತೊಗೊಂಡಾಗ ಹಳೆಯದು ಅಪ್ಪನಿಗೋ ಕಾಕಾನಿಗೋ ಹೋಗುತ್ತೆ. ಪುಣೆಯಲ್ಲಿ ಚೆನ್ನಾಗಿ ನಡೆದ ಫೋನು ಊರಲ್ಲೂ ನಡೆಯುತ್ತೆ ಅಂತ ನಂಬಿಬಿಡ್ತೀವಿ. ಇಲ್ಲಿ ಹೆಜ್ಜೆಗೊಂದು ಟವರ್, ಒಂದು ಬ್ಯಾಂಡ್ ಇಲ್ಲದಿದ್ದರೆ ಇನ್ನೊಂದು ಸಿಗುತ್ತೆ. ಊರಲ್ಲಿ ಟವರ್ ದೂರ. ಅಷ್ಟು ದೂರ ಮುಟ್ಟೋದು ಕೆಳಗಿನ ಬ್ಯಾಂಡ್ ಮಾತ್ರ. ಮಲೆನಾಡಿನ ಕೆಲವು ಹಳ್ಳಿಗಳಲ್ಲಿ ಸಿಗೋದೇ ಬಿಎಸ್‌ಎನ್‌ಎಲ್ ಒಂದು. ಬ್ಯಾಂಡ್ 28 ಇಲ್ಲದ ಅಮೆರಿಕದ ಫೋನು ಅಲ್ಲಿ 2ಜಿಗೆ ಇಳಿಯುತ್ತೆ, ಇಲ್ಲವೇ ಸುಮ್ಮನೆ ಕೂರುತ್ತೆ. ವಯಸ್ಸಾದವರಿಗೆ ಅದು ಫೋನಿನ ತೊಂದರೆ ಅಂತ ಗೊತ್ತಾಗಲ್ಲ, "ನಮಗ ಬಳಸಾಕ ಬರೂದಿಲ್ಲಪ್ಪ" ಅಂತ ಮೂಲೆಗೆ ಇಟ್ಟುಬಿಡ್ತಾರೆ.

ಅದಕ್ಕೇ ಹಬ್ಬಕ್ಕೆ ಊರಿಗೆ ಹೋದಾಗ ಆ ಫೋನನ್ನು ನೀವೇ ಎರಡು ದಿನ ಅಲ್ಲಿ ಬಳಸಿ ನೋಡಿ. ಅಂಗಳದಲ್ಲಿ, ಒಳಮನೆಯಲ್ಲಿ, ಹೊಲದಲ್ಲಿ ಕಾಲ್ ಮಾಡಿ, ಕಾಲ್ ತರಿಸಿಕೊಳ್ಳಿ. ನಡೆದರೆ ಕೊಟ್ಟು ಬನ್ನಿ. ನಡೆಯದಿದ್ದರೆ ಇಲ್ಲಿಯೇ ಕೊಂಡ ಸಾದಾ 4ಜಿ ಫೋನ್ ಒಂದು ಕೊಡಿಸಿ. ರಾತ್ರಿ ಹತ್ತು ಗಂಟೆಗೆ ಏನಾದರೂ ಆದರೆ ಅವರಿಗೆ ಬೇಕಾಗಿರೋದು ಹತ್ತುವ ಕಾಲ್.

ಫೋನ್ ಕೊಳ್ಳಲು ಹೊರಟಿರುವ ನಿಮ್ಮ ರೂಮ್‌ಮೇಟ್‌ಗೆ ಇದನ್ನು ಇವತ್ತೇ ಕಳಿಸಿ. ಮುಂದಿನ ವಾರ ಇಸಿಮ್ ಬಗ್ಗೆ ಮಾತಾಡೋಣ. ಅಲ್ಲಿ ತನಕ ನಮಸ್ಕಾರ.